ಹೊಸ ವಿಭಾಗ ತೆರೆದರೆ ಮತ್ತೆ ಮತ್ತೆ ಹೋಗುವಷ್ಟು ಇರುತ್ತದಾ?

ಪ್ರಶ್ನೆ: ನಾವು ಉಡುಪಿಯವರು. ನನ್ನ ಮೈದುನ ಅಬುಧಾಬಿಯಲ್ಲಿದ್ದಾರೆ. ಮಕ್ಕಳ ಬೇಸಿಗೆ ರಜೆಯಲ್ಲಿ ಹೆಚ್ಚುಕಡಿಮೆ ಪ್ರತಿ ವರ್ಷ ಅಲ್ಲಿಗೆ ಹೋಗಿ ಬರುತ್ತೇವೆ. ಎರಡು ವರ್ಷದ ಹಿಂದೆ ಯಾಸ್ ದ್ವೀಪದ ವಾರ್ನರ್ ಬ್ರದರ್ಸ್ ವರ್ಲ್ಡ್ ನೋಡಿದ್ದೆವು. ಅಲ್ಲಿ ಹ್ಯಾರಿ ಪಾಟರ್ ವಿಭಾಗ ಬರುತ್ತದೆ ಅಂತ 13 ವರ್ಷದ ಮಗಳು ಈಗಿನಿಂದಲೇ ಕುಣಿಯುತ್ತಿದ್ದಾಳೆ. ಮಗನಿಗೆ 7. ನಾಲ್ಕು ಜನರ ಟಿಕೆಟ್ ಅಂದರೆ ಸಣ್ಣ ಮೊತ್ತ ಅಲ್ಲ. ಒಂದು ಸಲ ನೋಡಿದರೆ ಮುಗಿಯಿತಾ? ಇಲ್ಲ, ಪ್ರತಿ ವರ್ಷ ಹೋದರೂ ಬೇಜಾರಾಗದ ಹಾಗೆ ಇರುತ್ತದಾ? ತೆರೆದ ತಕ್ಷಣ ಹೋಗಬೇಕಾ? ವಾರ್ಷಿಕ ಪಾಸ್ ಮಾಡಿಸಿದರೆ ಲಾಭ ಉಂಟಾ?

ಉತ್ತರ: ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಹ್ಯಾರಿ ಪಾಟರ್ ವಿಭಾಗ ನಿಮ್ಮ ಮಗಳಿಗೆ ಎರಡನೇ ಸಲ, ಮೂರನೇ ಸಲ ಹೋದರೂ ಖುಷಿ ಕೊಡುವ ಜಾತಿಯದ್ದು. ಆದರೆ ತೆರೆದ ತಿಂಗಳಲ್ಲೇ ಓಡಬೇಡಿ. ಪಾಸಿನದ್ದು ಒಂದು ಲೆಕ್ಕ ಉಂಟು, ಅದನ್ನು ಕೊನೆಗೆ ಹೇಳುತ್ತೇನೆ.

ನಾನು ಗಲ್ಫ್‌ನ ಒಂದು ಪಾರ್ಕಿನಲ್ಲಿ ಒಂಬತ್ತು ವರ್ಷ ರೈಡ್ ನಡೆಸುವ ಕೆಲಸದಲ್ಲಿದ್ದೆ. ಮೊದಲ ಎರಡು ವರ್ಷ ನನ್ನನ್ನು ನಿಲ್ಲಿಸಿದ್ದು ರೈಡ್ ಮುಗಿಸಿ ಜನ ಹೊರಬರುವ ಬಾಗಿಲಲ್ಲಿ. ನಮ್ಮ ಊರಿನವರು ಬಂದರೆ ದೂರದಿಂದಲೇ ತುಳು ಕೇಳಿಸುತ್ತಿತ್ತು. ಮಕ್ಕಳು ಆ ಬಾಗಿಲು ದಾಟಿದ ಕೂಡಲೇ ಎರಡರಲ್ಲಿ ಒಂದು ಮಾತು ಹೇಳುತ್ತಿದ್ದರು. ಕೆಲವರು ‘ನನೊರ ಪೋಯಿ’ ಅನ್ನುತ್ತಿದ್ದರು, ಇನ್ನೊಂದು ಸಲ ಹೋಗುವಾ ಅಂತ. ಕೆಲವರು ‘ನನ ದಾದ ಉಂಡು?’ ಅನ್ನುತ್ತಿದ್ದರು, ಇನ್ನೇನುಂಟು ಅಂತ. ಎರಡೂ ಖುಷಿಯ ಮಾತೇ. ಆದರೆ ‘ಇನ್ನೇನುಂಟು’ ಅನ್ನುವ ಮಗು ಆ ರೈಡನ್ನು ಮುಗಿಸಿಬಿಟ್ಟಿದೆ. ‘ಇನ್ನೊಂದು ಸಲ’ ಅನ್ನುವ ಮಗುವಿಗೆ ಅಲ್ಲಿ ಇನ್ನೂ ಏನೋ ಬಾಕಿ ಉಂಟು. ಹೊಸ ವಿಭಾಗ ಯಾವುದೇ ಬರಲಿ, ನಾನು ಇವತ್ತಿಗೂ ಅಳೆಯುವುದು ಈ ಎರಡು ಮಾತಿನಿಂದ.

ಏನು ಬಾಕಿ ಉಳಿದರೆ ಮನುಷ್ಯ ಮತ್ತೆ ಬರುತ್ತಾನೆ? ಇದಕ್ಕೆ ಒಳ್ಳೆಯ ಪಾಠ ನಮ್ಮ ಯಕ್ಷಗಾನ ಬಯಲಾಟದಲ್ಲೇ ಉಂಟು. ಕಟೀಲು ಮೇಳದ ದೇವಿ ಮಹಾತ್ಮೆ ಆಟವನ್ನು ನಮ್ಮಲ್ಲಿ ಎಷ್ಟು ಸಲ ನೋಡಿದವರಿಲ್ಲ? ಕಥೆ ಎಲ್ಲರಿಗೂ ಗೊತ್ತು. ಕೊನೆಗೆ ಯಾರು ಗೆಲ್ಲುತ್ತಾರೆ ಅಂತಲೂ ಗೊತ್ತು. ಆದರೂ ಗದ್ದೆಯಲ್ಲಿ ಆಟ ಇದೆ ಅಂದರೆ ಚಾಪೆ ಹಿಡಿದು ಹೊರಡುತ್ತೇವೆ. ಯಾಕೆ? ಇವತ್ತಿನ ಮಹಿಷಾಸುರ ಯಾರದ್ದು ಅಂತ ನೋಡಬೇಕು. ಭಾಗವತರು ಯಾರು? ಅರ್ಥ ಹೇಳುವವರು ಇವತ್ತು ಎಲ್ಲಿ ಹೊಸ ಮಾತು ಸೇರಿಸುತ್ತಾರೆ? ಮಾತು ಬರೆದಿಟ್ಟದ್ದಲ್ಲ, ಅಲ್ಲಲ್ಲೇ ಹುಟ್ಟುವಂಥದ್ದು. ಮತ್ತೆ ಆ ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ಜನರ ನಡುವಿನಿಂದ, ದೊಂದಿ ಹಿಡಿದುಕೊಂಡು, ರಾಳದ ಪುಡಿಯ ಬೆಂಕಿ ಭುಗ್ ಅಂತ ಎದ್ದು ಬರುತ್ತಾನೆ. ನಾನು ಚಿಕ್ಕವನಿದ್ದಾಗ ಅಜ್ಜಿಯ ಮಡಿಲಲ್ಲಿ ಮಲಗಿ, ‘ಬರುವಾಗ ಎಬ್ಬಿಸಿ’ ಅಂತ ಹೇಳಿ ನಿದ್ದೆ ಮಾಡುತ್ತಿದ್ದೆ. ಆಟ ಬೇಜಾರಾದರೆ ಚೌಕಿಗೆ ಹೋಗಿ ಬಣ್ಣ ಹಚ್ಚುವುದನ್ನು ನೋಡಬಹುದು. ಚುರುಮುರಿ ತಿನ್ನಬಹುದು. ಮತ್ತೆ ಬಂದು ಕೂತುಕೊಳ್ಳಬಹುದು. ಗಟ್ಟಿ ಕಥೆ ಒಂದೇ, ಸುತ್ತಲಿನದ್ದು ಪ್ರತಿ ರಾತ್ರಿ ಬೇರೆ.

ಥೀಮ್ ಪಾರ್ಕಿನಲ್ಲಿ ದೊಡ್ಡ ರೈಡ್ ಅಂದರೆ ಆ ಗಟ್ಟಿ ಕಥೆ ಇದ್ದ ಹಾಗೆ. ಅದು ಬದಲಾಗುವುದಿಲ್ಲ. ಅದೇ ಪರದೆ, ಅದೇ ತಿರುವು, ಅದೇ ಸೆಕೆಂಡಿಗೆ ಅದೇ ರಾಕ್ಷಸ ಎದುರು ಬರುತ್ತಾನೆ. ಮೊದಲ ಸಲ ಕಿರುಚುತ್ತೀರಿ. ಎರಡನೇ ಸಲ ಎಲ್ಲಿ ಕಿರುಚಬೇಕು ಅಂತ ಗೊತ್ತಿರುತ್ತದೆ. ಅದಕ್ಕೇ ಹೊಸ ವಿಭಾಗದ ಜಾಹೀರಾತಿನಲ್ಲಿ ರೈಡ್ ಎಷ್ಟು ಎತ್ತರ, ಎಷ್ಟು ವೇಗ ಅಂತ ನೋಡಿ ತೀರ್ಮಾನ ಮಾಡಬೇಡಿ. ಯಾಸ್ ದ್ವೀಪದಲ್ಲೇ ಫೆರಾರಿ ವರ್ಲ್ಡ್‌ನ ಫಾರ್ಮುಲಾ ರೋಸ್ಸಾ ಉಂಟಲ್ಲ, ಗಂಟೆಗೆ 240 ಕಿಲೋಮೀಟರ್ ವೇಗ. ಒಂದು ಸಲವಾದರೂ ಕೂರಬೇಕಾದ್ದೇ. ಆದರೆ ನಾಲ್ಕನೇ ವರ್ಷವೂ ಇಡೀ ಕುಟುಂಬವನ್ನು ಎಳೆದುಕೊಂಡು ಬರುವ ಶಕ್ತಿ ಬರೀ ವೇಗಕ್ಕಿಲ್ಲ. ರೈಡಿನ ಸುತ್ತ ಏನುಂಟು ಅಂತ ನೋಡಬೇಕು.

ಇಲ್ಲಿ ಹ್ಯಾರಿ ಪಾಟರ್ ವಿಭಾಗಗಳು ಮುಂದೆ ನಿಲ್ಲುತ್ತವೆ. ಮೊದಲನೆಯದು ಅಮೆರಿಕದ ಒರ್ಲ್ಯಾಂಡೊದಲ್ಲಿ, ಯೂನಿವರ್ಸಲ್‌ನವರ ಐಲ್ಯಾಂಡ್ಸ್ ಆಫ್ ಅಡ್ವೆಂಚರ್ ಪಾರ್ಕಿನಲ್ಲಿ 2010ರ ಜೂನ್‌ನಲ್ಲಿ ತೆರೆಯಿತು. ಈ ಉದ್ಯಮದವರ ಅಂದಾಜಿನ ಪ್ರಕಾರ 2009ರಲ್ಲಿ ಆ ಪಾರ್ಕಿಗೆ ಬಂದವರು ಸುಮಾರು 46 ಲಕ್ಷ. 2011ರಲ್ಲಿ ಸುಮಾರು 77 ಲಕ್ಷ. ಹೊಸತು ತೆರೆದಾಗ ಜನ ನುಗ್ಗುವುದು ದೊಡ್ಡದಲ್ಲ, ಎಲ್ಲ ಕಡೆ ಆಗುತ್ತದೆ. ಆಮೇಲೆ ಇಳಿಯುವುದೂ ಮಾಮೂಲು. ಇಲ್ಲಿ ಇಳಿಯಲಿಲ್ಲ. 2013ರಲ್ಲಿ 81 ಲಕ್ಷ ದಾಟಿತು. 2014ರ ಜುಲೈಯಲ್ಲಿ ಪಕ್ಕದ ಪಾರ್ಕಿನಲ್ಲಿ ಎರಡನೇ ವಿಭಾಗ, ಡಯಾಗನ್ ಅಲಿ, ತೆರೆದರು.

ಕೆಲಸದ ಮೇಲೆ ನಾನು ಆ ಎರಡನ್ನೂ ನೋಡಿದ್ದೇನೆ. ಮೊದಲ ದಿನ ಎಲ್ಲರ ಹಾಗೆ ದೊಡ್ಡ ರೈಡ್‌ಗಳಿಗೆ ಓಡಿದೆ. ಎರಡನೇ ದಿನ ಒಂದೂ ರೈಡ್ ಹತ್ತದೆ ಬೆಳಗ್ಗಿನಿಂದ ಸಂಜೆವರೆಗೆ ಸುಮ್ನೆ ಆ ಬೀದಿಗಳಲ್ಲಿ ನಿಂತೆ. ಜನ ಏನು ಮಾಡುತ್ತಾರೆ ಅಂತ ನೋಡುವುದೇ ನನ್ನ ಕೆಲಸವಾಗಿತ್ತು.

ಅಲ್ಲಿ ಮಂತ್ರದಂಡ ಮಾರುತ್ತಾರೆ. ಅದರ ತುದಿಯಲ್ಲಿ ಬೆಳಕನ್ನು ಹಿಂದಕ್ಕೆ ಎಸೆಯುವ ಒಂದು ಸಣ್ಣ ಮಣಿ. ಅಂಗಡಿಯ ಕಿಟಕಿಯೊಳಗೆ ಕಣ್ಣಿಗೆ ಕಾಣದ ಬೆಳಕು ಬಿಡುವ ಕ್ಯಾಮೆರಾ. ನೆಲದಲ್ಲಿ ಹಿತ್ತಾಳೆಯ ಬಿಲ್ಲೆ ಹುಗಿದಿರುತ್ತಾರೆ. ಅದರ ಮೇಲೆ ದಂಡವನ್ನು ಹೇಗೆ ಬೀಸಬೇಕು ಅಂತ ಗೆರೆ ಕೊರೆದಿರುತ್ತದೆ. ಆ ಬಿಲ್ಲೆ ಮೇಲೆ ನಿಂತು ಗೆರೆಯ ಹಾಗೆಯೇ ಬೀಸಿದರೆ ಕಿಟಕಿಯೊಳಗಿನ ವಸ್ತು ಕದಲುತ್ತದೆ, ದೀಪ ಹತ್ತುತ್ತದೆ, ನೀರು ಚಿಮ್ಮುತ್ತದೆ. ನನ್ನ ಕಣ್ಣೆದುರು ಒಬ್ಬ ಹುಡುಗಿ, ಹತ್ತು ಹನ್ನೊಂದು ವರ್ಷ ಇರಬಹುದು, ಒಂದೇ ಕಿಟಕಿಯ ಮುಂದೆ ಐದಾರು ಸಲ ಸೋತಳು. ಕೈ ಜೋರಾಗಿ ಬೀಸುತ್ತಿದ್ದಳು. ಅಲ್ಲಿನ ಕೆಲಸದವರು ಬಂದು ಮೊಣಕೈ ಹಿಡಿದು, ಕೈಯನ್ನಲ್ಲ, ಬರೀ ಮಣಿಕಟ್ಟನ್ನು ಆಡಿಸು ಅಂತ ತೋರಿಸಿಕೊಟ್ಟರು. ಮುಂದಿನ ಸಲ ಆಯಿತು. ಆ ಹುಡುಗಿ ತಿರುಗಿ ಅಪ್ಪನ ಮುಖ ನೋಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ದಂಡದ ಜೊತೆ ಒಂದು ನಕ್ಷೆ ಕೊಡುತ್ತಾರೆ. ಎಲ್ಲ ಜಾಗವೂ ಅದರಲ್ಲಿ ಬರೆದಿರುವುದಿಲ್ಲ. ನಾಕ್‌ಟರ್ನ್ ಅಲಿ ಅನ್ನುವ ಕತ್ತಲೆ ಗಲ್ಲಿಯ ನೇರಳೆ ಬೆಳಕಿನಲ್ಲಿ ಹಿಡಿದರೆ ನಕ್ಷೆಯಲ್ಲಿ ಅಡಗಿದ್ದ ಗುರುತು ಕಾಣಿಸುತ್ತದೆ. ಇದನ್ನು ಮೊದಲ ದಿನವೇ ಪತ್ತೆ ಮಾಡುವವರು ಕಡಿಮೆ. ಒಂದು ಸಲ ಕೊಂಡ ದಂಡ ಮುಂದಿನ ಸಲ ಬಂದಾಗಲೂ ಕೆಲಸ ಮಾಡುತ್ತದೆ. ಮಗು ಅದನ್ನು ಮನೆಯಲ್ಲಿ ಇಟ್ಟುಕೊಂಡು ವರ್ಷವಿಡೀ ಕೈ ಪಳಗಿಸುತ್ತದೆ. ‘ನನೊರ’ ಹುಟ್ಟುವುದು ಇಲ್ಲಿ.

ಇನ್ನೂ ಚಿಕ್ಕ ಚಿಕ್ಕದ್ದು ತುಂಬಾ ಉಂಟು. ಡಯಾಗನ್ ಅಲಿಯ ಮುಂದೆ ಕಟ್ಟಿದ ಲಂಡನ್ ಬೀದಿಯ ಕೆಂಪು ಟೆಲಿಫೋನ್ ಬೂತಿನಲ್ಲಿ 62442 ಒತ್ತಿದರೆ ಕಥೆಯಲ್ಲಿ ಬರುವ ಜಾದೂ ಮಂತ್ರಾಲಯದಿಂದ ಉತ್ತರ ಬರುತ್ತದೆ. ಮೊದಲ ವಿಭಾಗವಾದ ಹಾಗ್ಸ್‌ಮೀಡ್‌ನ ಶೌಚಾಲಯಕ್ಕೆ ಹೋದರೆ ಅಳುವ ಮರ್ಟಲ್ ದೆವ್ವದ ದನಿ ಕೇಳಿಸುತ್ತದೆ. ಎರಡು ಪಾರ್ಕುಗಳ ನಡುವೆ ಓಡುವ ಹಾಗ್‌ವರ್ಟ್ಸ್ ರೈಲಿನಲ್ಲಿ ಹೋಗುವಾಗ ಕಿಟಕಿಯಲ್ಲಿ ಕಾಣುವ ದೃಶ್ಯ ಬೇರೆ, ಬರುವಾಗ ಬೇರೆ. ಇವು ಯಾವುದಕ್ಕೂ ಗಂಟೆಗಟ್ಟಲೆ ಕ್ಯೂ ನಿಲ್ಲಬೇಕಾಗಿಲ್ಲ, ರೈಲಿಗೆ ಬಿಟ್ಟರೆ. ಬಟರ್‌ಬಿಯರ್ ಅಂತ ಒಂದು ಪಾನೀಯ ಕೊಡುತ್ತಾರೆ. ಹೆಸರಿನಲ್ಲಿ ಬಿಯರ್ ಇದ್ದರೂ ಮದ್ಯ ಇಲ್ಲ, ಮಕ್ಕಳು ಕೇಳಿದರೆ ಗಾಬರಿ ಬೇಡ.

ಅಬುಧಾಬಿಯ ವಿಭಾಗ 2022ರಲ್ಲಿ ಘೋಷಣೆಯಾದದ್ದು. ಅದರ ವಿವರ ಹೊರಬಂದಾಗ ನೀವು ರೈಡ್‌ಗಳ ಹೆಸರು ಬಿಟ್ಟು ಈ ಸಣ್ಣ ವಿಷಯಗಳನ್ನು ಹುಡುಕಿ. ಕೈಯಲ್ಲಿ ಹಿಡಿದು ಮಾಡುವಂಥದ್ದು ಏನುಂಟು? ದಿನಕ್ಕೆ ಎಷ್ಟು ಸಲ ಬೀದಿಯಲ್ಲಿ ಹಾಡು, ಆಟ ನಡೆಯುತ್ತದೆ? ಕೂರಲು ಜಾಗ ಉಂಟಾ? ಈ ಮೂರೂ ಚೆನ್ನಾಗಿದ್ದರೆ ಎರಡನೇ ವರ್ಷವೂ ಧೈರ್ಯವಾಗಿ ಹೋಗಬಹುದು.

ಹೆಸರು ದೊಡ್ಡದಾದ ಮಾತ್ರಕ್ಕೆ ಇದೆಲ್ಲ ತಾನಾಗಿ ಬರುವುದಿಲ್ಲ. ಡಿಸ್ನಿಯವರು 2019ರಲ್ಲಿ ಎರಡು ಕಡೆ ಸ್ಟಾರ್ ವಾರ್ಸ್ ವಿಭಾಗ ತೆರೆದರು. ಒಂದೊಂದೂ 14 ಎಕರೆ, ಕ್ಯಾಲಿಫೋರ್ನಿಯಾದಲ್ಲಿ ಮೇ 31ಕ್ಕೆ, ಫ್ಲಾರಿಡಾದಲ್ಲಿ ಆಗಸ್ಟ್ 29ಕ್ಕೆ. ಕಟ್ಟಡ, ಬಂಡೆ, ಬಾಗಿಲು ಎಲ್ಲ ನೋಡಿದರೆ ಬಾಯಿ ತೆರೆದು ನಿಲ್ಲಬೇಕು, ಅಷ್ಟು ಚೆಂದ. ಆದರೆ ತೆರೆದ ದಿನ ಇದ್ದದ್ದು ಒಂದೇ ರೈಡ್. ಎರಡನೆಯದು ಫ್ಲಾರಿಡಾದಲ್ಲಿ ಡಿಸೆಂಬರ್ 5ಕ್ಕೆ, ಕ್ಯಾಲಿಫೋರ್ನಿಯಾದಲ್ಲಿ ಮರುವರ್ಷದ ಜನವರಿಯಲ್ಲಿ ಬಂತು. ಕಥೆಯ ಕಾಲವನ್ನು ಒಂದು ಕಡೆ ಗಟ್ಟಿ ಮಾಡಿಬಿಟ್ಟಿದ್ದರಿಂದ ಜನ ನೋಡಬೇಕೆಂದು ಬಂದ ಖಳನಾಯಕ ಡಾರ್ತ್ ವೇಡರ್ ಆಗ ಅಲ್ಲಿ ಇರಲಿಲ್ಲ. ದೇವಿ ಮಹಾತ್ಮೆ ಆಟಕ್ಕೆ ಹೋಗಿ ಮಹಿಷಾಸುರನೇ ಬರದಿದ್ದರೆ ಹೇಗಾಗುತ್ತದೆ ಹೇಳಿ.

ಆ ಮೊದಲ ರೈಡಿನಲ್ಲಿ ಒಂದು ಒಳ್ಳೆಯ ಯೋಚನೆ ಇತ್ತು. ಆರು ಜನ ಒಟ್ಟಿಗೆ ಒಂದು ಹಡಗು ನಡೆಸಬೇಕು. ಇಬ್ಬರು ಪೈಲಟ್, ಇಬ್ಬರು ಗುಂಡು ಹೊಡೆಯುವವರು, ಇಬ್ಬರು ಎಂಜಿನಿಯರ್. ಒಬ್ಬ ಪೈಲಟ್ ಎಡಬಲಕ್ಕೆ ತಿರುಗಿಸಿದರೆ ಇನ್ನೊಬ್ಬ ಮೇಲೆ ಕೆಳಗೆ. ಹಾಗಾಗಿ ಪ್ರತಿ ಸಲ ಆಟ ಬೇರೆ. ಆದರೆ ನಿಜವಾದ ಮಜಾ ಇರುವುದು ಮುಂದಿನ ಎರಡು ಸೀಟಿನಲ್ಲಿ. ಹಿಂದೆ ಎಂಜಿನಿಯರ್ ಸೀಟಲ್ಲಿ ಕೂತ ಮಗು ಪಕ್ಕದ ಗುಂಡಿ ಒತ್ತುತ್ತಾ ಕೂರಬೇಕು. ಬದಲಾವಣೆ ಇದ್ದರೆ ಸಾಲದು, ಅದರ ಪಾಲು ಎಲ್ಲರಿಗೂ ಸಿಗಬೇಕು. ಇದಕ್ಕಿಂತ ಹಳೆಯ ಸ್ಟಾರ್ ಟೂರ್ಸ್ ರೈಡ್ ಈ ವಿಷಯದಲ್ಲಿ ಜಾಣ. 2011ರಲ್ಲಿ ಅದನ್ನು ಹೊಸದಾಗಿ ಮಾಡಿದಾಗ ದೃಶ್ಯಗಳನ್ನು ಕಲಸಿ ಹಾಕಿ 54 ಬಗೆಯ ಪ್ರಯಾಣ ಮಾಡಿದರು. ಯಾರು ಎಲ್ಲಿ ಕೂತರೂ ಸರಿ, ಹೊಸತು ಸಿಗುತ್ತದೆ.

ಅಂಕ ಸೇರಿಸುವ ಆಟಗಳೂ ಬಂದಿವೆ. ಜಪಾನಿನ ಒಸಾಕಾದಲ್ಲಿ 2021ರಲ್ಲಿ ತೆರೆದ ಸೂಪರ್ ನಿಂಟೆಂಡೊ ವರ್ಲ್ಡ್‌ನಲ್ಲಿ ಕೈಗೆ ಒಂದು ಪಟ್ಟಿ ಕಟ್ಟಿಕೊಂಡರೆ ಅಲ್ಲಿನ ಪೆಟ್ಟಿಗೆ ಗುದ್ದಿ ಗಳಿಸಿದ ನಾಣ್ಯದ ಲೆಕ್ಕ ಮೊಬೈಲಿನಲ್ಲಿ ಉಳಿಯುತ್ತದೆ. ಗಂಡು ಮಕ್ಕಳು ಇದಕ್ಕೆ ಅಂಟಿಕೊಂಡುಬಿಡುತ್ತಾರೆ. ಪಟ್ಟಿಗೆ ಬೇರೆ ದುಡ್ಡು ಕೊಡಬೇಕು, ಅದು ನೆನಪಿರಲಿ.

ಈಗ ನನಗೆ ಹೊಟ್ಟೆ ಉರಿಯುವ ವಿಷಯಕ್ಕೆ ಬರುತ್ತೇನೆ. ಎರಡನೇ ಭೇಟಿ ಹಾಳಾಗುವುದು ಜಾಸ್ತಿ ಕಡೆ ಹೊಸತಿಲ್ಲದೆ ಅಲ್ಲ, ಇದ್ದದ್ದು ಕೆಟ್ಟು ನಿಂತು. ನಾನಿದ್ದ ಪಾರ್ಕಿನಲ್ಲಿ ಒಂದು ಬಾವಿ ಇತ್ತು. ಒಳಗೆ ಇಣುಕಿ ಕೂಗಿದರೆ ಕೆಳಗಿನಿಂದ ಒಂದು ದನಿ ಮರುಮಾತು ಕೊಡುತ್ತಿತ್ತು. ಮಕ್ಕಳು ಅದರ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಎರಡನೇ ವರ್ಷ ಅದರ ಸ್ಪೀಕರ್ ಹೋಯಿತು. ನಾನು ನಾಲ್ಕು ಸಲ ಬರೆದು ಕೊಟ್ಟೆ. ರೈಡ್ ನಿಂತರೆ ಹತ್ತು ನಿಮಿಷದಲ್ಲಿ ಆರು ಜನ ಓಡಿ ಬರುತ್ತಿದ್ದರು, ಬಾವಿಗೆ ಯಾರೂ ಬರಲಿಲ್ಲ. ಹಿಂದಿನ ವರ್ಷ ಬಂದಿದ್ದ ಒಬ್ಬ ಹುಡುಗ ತಂಗಿಯನ್ನು ಎಳೆದುಕೊಂಡು ಬಂದು, ‘ನೋಡು ಈಗ’ ಅಂತ ಬಾವಿಗೆ ಕೂಗಿದ. ಉತ್ತರ ಬರಲಿಲ್ಲ. ಮತ್ತೆ ಕೂಗಿದ. ಆ ತಂಗಿ ಅಣ್ಣನನ್ನು ನೋಡಿದ ರೀತಿ ನನಗೆ ಸಹಿಸಲು ಆಗಲಿಲ್ಲ. ನಾನಿದ್ದಷ್ಟು ಕಾಲ ಅದು ಸರಿಯಾಗಲೇ ಇಲ್ಲ.

ದೊಡ್ಡ ಕಂಪನಿಗಳಲ್ಲೂ ಇದು ಉಂಟು. ಫ್ಲಾರಿಡಾದ ಡಿಸ್ನಿಯ ಅನಿಮಲ್ ಕಿಂಗ್‌ಡಮ್‌ನಲ್ಲಿ 2006ರಲ್ಲಿ ತೆರೆದ ಎಕ್ಸ್‌ಪೆಡಿಶನ್ ಎವರೆಸ್ಟ್ ರೈಡಿನ ಕೊನೆಯಲ್ಲಿ ಇಪ್ಪತ್ತೈದು ಅಡಿಯ ಹಿಮಮಾನವ ಕೈ ಚಾಚಿ ಎರಗುತ್ತಿದ್ದ. ಸ್ವಲ್ಪ ಕಾಲದಲ್ಲೇ ಅವನ ಚಲನೆ ನಿಂತಿತು. ಆಮೇಲೆ ಮಿಂಚುವ ದೀಪ ಬಿಟ್ಟು ಅಲುಗಾಡಿದ ಹಾಗೆ ತೋರಿಸಲು ಶುರು ಮಾಡಿದರು. ಹಾಗಾಗಿ ಹೊಸ ವಿಭಾಗ ತೆರೆದು ಒಂದೂವರೆ ಎರಡು ವರ್ಷ ಆದ ಮೇಲೆ ಅಲ್ಲಿ ಸಣ್ಣ ಸಣ್ಣ ಸಾಮಾನು ಓಡುತ್ತಾ ಉಂಟಾ ಅಂತ ಹೋಗಿ ಬಂದವರನ್ನು ಕೇಳಿ. ಅದೇ ಒಳ್ಳೆಯ ಸಾಕ್ಷಿ. ನಿಮ್ಮ ಮೈದುನ ಅಲ್ಲೇ ಇದ್ದಾರೆ, ನಿಮಗೆ ಇದು ಸುಲಭ.

ತೆರೆದ ತಕ್ಷಣ ಯಾಕೆ ಬೇಡ ಅಂದೆ? ಲೆಕ್ಕ ಹೀಗೆ. ಒಂದು ರೈಲಿನಲ್ಲಿ 20 ಸೀಟು, ನಿಮಿಷಕ್ಕೊಂದು ರೈಲು ಬಿಟ್ಟರೆ ಗಂಟೆಗೆ 1200 ಜನ ಹೋಗುತ್ತಾರೆ. ಹೊಸತರಲ್ಲಿ ಕೆಲಸದವರಿಗೆ ಕೈ ಹಿಡಿದಿರುವುದಿಲ್ಲ, ಯಂತ್ರ ಆಗಾಗ ನಿಲ್ಲುತ್ತದೆ. ಮೂರು ನಿಮಿಷಕ್ಕೊಂದು ರೈಲು ಹೊರಟರೆ ಗಂಟೆಗೆ ಬರೀ 400. ನಿಮ್ಮ ಮುಂದೆ 1200 ಜನ ಇದ್ದರೆ ಒಂದು ಗಂಟೆಯ ಕ್ಯೂ ಮೂರು ಗಂಟೆ ಆಗುತ್ತದೆ. ಒರ್ಲ್ಯಾಂಡೊದಲ್ಲಿ 2019ರ ಜೂನ್ 13ಕ್ಕೆ ಹ್ಯಾಗ್ರಿಡ್‌ನ ಮೋಟರ್‌ಬೈಕ್ ರೈಡ್ ತೆರೆದ ದಿನ ಕ್ಯೂ ಹತ್ತು ಗಂಟೆಗೆ ಏರಿತ್ತು. 7 ವರ್ಷದ ಮಗುವನ್ನು ಕರೆದುಕೊಂಡು ಅಂಥ ಕಡೆ ಹೋಗಬೇಡಿ. ಕನಿಷ್ಠ ಆರು ತಿಂಗಳು ಬಿಡಿ. ಅಬುಧಾಬಿಯ ಆ ಪಾರ್ಕ್ ಪೂರ್ತಿ ಒಳಾಂಗಣ, ಎಸಿ ಇರುವಂಥದ್ದು. 2018ರಲ್ಲಿ ತೆರೆದಾಗಿನಿಂದಲೂ ಹಾಗೆಯೇ. ಹಾಗಾಗಿ ಮೇ ತಿಂಗಳ ಬಿಸಿಲಿಗೂ ನಿಮಗೆ ತೊಂದರೆ ಇಲ್ಲ.

ಮಗನ ವಿಷಯ ಬೇರೆಯೇ. ಒರ್ಲ್ಯಾಂಡೊದ ಹ್ಯಾರಿ ಪಾಟರ್ ರೈಡ್‌ಗಳಲ್ಲಿ ಫರ್ಬಿಡನ್ ಜರ್ನಿಗೆ ಮತ್ತು ಹ್ಯಾಗ್ರಿಡ್‌ನ ಬೈಕಿಗೆ 122 ಸೆಂಟಿಮೀಟರ್ ಎತ್ತರ ಬೇಕು, ಗ್ರಿಂಗಾಟ್ಸ್‌ಗೆ 107 ಸಾಕು. ಅಬುಧಾಬಿಗೆ ಹೊರಡುವ ಮೊದಲು ಅಲ್ಲಿನ ಅಳತೆ ನೋಡಿಕೊಂಡು ಮನೆ ಗೋಡೆಯಲ್ಲಿ ಪೆನ್ಸಿಲ್ ಗೆರೆ ಹಾಕಿ ಮಗನನ್ನು ನಿಲ್ಲಿಸಿ ನೋಡಿ. ಚಪ್ಪಲಿ ಬಿಚ್ಚಿಸಿ, ನಿಜ ಎತ್ತರ ನೋಡಿ. ಅಳತೆ ಕೋಲಿನ ಮುಂದೆ ತುದಿಗಾಲಲ್ಲಿ ನಿಂತ ಎಷ್ಟೋ ಮಕ್ಕಳನ್ನು ನಾನು ಹಿಂದೆ ಕಳಿಸಿದ್ದೇನೆ. ಆ ಕೆಲಸ ಮಾತ್ರ ನನಗೆ ಯಾವತ್ತೂ ಅಭ್ಯಾಸ ಆಗಲಿಲ್ಲ. ಅಂಥವನೊಬ್ಬ ಮರುವರ್ಷ ಬಂದು, ಕೋಲಿನ ಕೆಳಗೆ ನಿಂತು, ತಲೆ ತಾಗಿತು ಅಂತ ಗೊತ್ತಾದಾಗ ಒಂದು ಕ್ಷಣ ಅಲ್ಲಾಡದೆ ನಿಂತ. ಆಮೇಲೆ ಓಡಿದ. ಅವನ ಮಟ್ಟಿಗೆ ಆ ವರ್ಷ ಇಡೀ ಪಾರ್ಕೇ ಹೊಸತು. ನಿಮ್ಮ ಮಗನಿಗೂ ಮುಂದಿನ ಎರಡು ವರ್ಷ ಹಾಗೆಯೇ. ಅವನು ಹತ್ತಲಾಗದ ರೈಡಿಗೆ ನೀವಿಬ್ಬರೂ ಒಬ್ಬರಾದ ಮೇಲೆ ಒಬ್ಬರು ಹೋಗುವ ವ್ಯವಸ್ಥೆ ಉಂಟಾ ಅಂತ ಬಾಗಿಲಲ್ಲೇ ಕೇಳಿ. ಎರಡು ಸಲ ಕ್ಯೂ ನಿಲ್ಲುವುದು ತಪ್ಪುತ್ತದೆ.

ಪಾಸಿನ ಲೆಕ್ಕಕ್ಕೆ ಬರುವಾ. ಅಲ್ಲಿನವರಿಗೆ ವಾರ್ಷಿಕ ಪಾಸ್ ಒಳ್ಳೆಯದು, ವಾರದ ಕೊನೆಗೆ ಸುಮ್ನೆ ಎರಡು ಗಂಟೆ ಹೋಗಿ ಬರುತ್ತಾರೆ. ವರ್ಷಕ್ಕೊಮ್ಮೆ ಹೋಗುವ ನಮಗೆ ಅದು ನಷ್ಟ ಅಂತ ಕಾಣುತ್ತದೆ. ಆದರೆ ತಾರೀಖು ನೋಡಿ. ಪಾಸಿನ ವರ್ಷ ಕೊಂಡ ದಿನದಿಂದ ಶುರುವಾಗುತ್ತದಾ, ಮೊದಲು ಒಳಹೊಕ್ಕ ದಿನದಿಂದಲಾ ಅಂತ ಕೇಳಿ. ಈ ವರ್ಷ ಏಪ್ರಿಲ್ 25ಕ್ಕೆ ಶುರುವಾದ ಪಾಸಿನಲ್ಲಿ ಮುಂದಿನ ವರ್ಷ ಏಪ್ರಿಲ್ 15ಕ್ಕೆ ಹೋದರೆ ಎರಡು ರಜೆಯೂ ಒಂದೇ ಪಾಸಿನಲ್ಲಿ ಬರುತ್ತದೆ. ನಮ್ಮ ಬೇಸಿಗೆ ರಜೆಗೆ ಇದು ಸರಿಯಾಗಿ ಕೂರುತ್ತದೆ. ಒಂದು ರಜೆಯಲ್ಲೇ ಎರಡು ದಿನ, ಮುಂದಿನ ರಜೆಯಲ್ಲಿ ಎರಡು ದಿನ ಹೋಗುವ ಯೋಚನೆ ಇದ್ದರೆ ನಾಲ್ಕು ದಿನದ ಟಿಕೆಟ್ ಒಟ್ಟು ಮಾಡಿ ಪಾಸಿನ ಪಕ್ಕ ಇಟ್ಟು ನೋಡಿ. ಈದ್ ರಜೆಯಂಥ ದಿನಗಳಲ್ಲಿ ಪಾಸ್ ನಡೆಯುತ್ತದಾ, ಹೊಸ ವಿಭಾಗಕ್ಕೆ ಬೇರೆ ಟಿಕೆಟ್ ಉಂಟಾ, ಇವೆರಡನ್ನೂ ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ.

ಪಾಸ್ ಇದ್ದರೆ ಇನ್ನೊಂದು ಉಪಕಾರ ಉಂಟು. ‘ದುಡ್ಡು ಕೊಟ್ಟಿದ್ದೇವೆ, ಎಲ್ಲ ನೋಡಲೇಬೇಕು’ ಅಂತ ಮಕ್ಕಳನ್ನು ಎಳೆದಾಡುವುದು ನಿಲ್ಲುತ್ತದೆ. ಮಗಳು ಒಂದು ಕಿಟಕಿಯ ಮುಂದೆ ಅರ್ಧ ಗಂಟೆ ನಿಂತರೂ ಬಿಡಬಹುದು. ಬಿದಡಿಯ ವಂಡರ್‌ಲಾದಲ್ಲಿ ಅಲೆಯ ಕೊಳಕ್ಕೆ ಇಳಿದ ಮಕ್ಕಳನ್ನು ನೋಡಿದ್ದೀರಲ್ಲ, ಪಣಂಬೂರು, ಮಲ್ಪೆ ಕಡಲ ತೀರದಲ್ಲೂ ಅಷ್ಟೇ. ‘ಇದು ನೋಡಿ ಆಯಿತು’ ಅಂತ ಯಾರೂ ಮೇಲೆ ಬರುವುದಿಲ್ಲ, ನಾವೇ ಕೈ ಹಿಡಿದು ಎಳೆಯಬೇಕು.

ಮೊದಲ ಸಲ ಹೋದಾಗ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ದೊಡ್ಡ ರೈಡ್ ಮುಗಿಸಿಬಿಡಿ. ಮಧ್ಯಾಹ್ನದ ಮೇಲೆ ಮಗಳ ಕೈಯಲ್ಲಿ ನಕ್ಷೆ ಕೊಟ್ಟು ಅವಳ ಹಿಂದೆ ನಡೆಯಿರಿ. ಸಂಜೆ ಹೊರಡುವಾಗ ಬಾಗಿಲ ಹತ್ತಿರ ಅವಳು ಏನನ್ನುತ್ತಾಳೆ ಅಂತ ಗಮನ ಕೊಟ್ಟು ಕೇಳಿ. ‘ನನೊರ’ ಅಂದರೆ ಮರುವರ್ಷದ ಟಿಕೆಟ್ ಧೈರ್ಯವಾಗಿ ಮಾಡಿಸಿ. ‘ನನ ದಾದ ಉಂಡು’ ಅಂದರೆ ಮರುವರ್ಷ ಆ ದುಡ್ಡಿನಲ್ಲಿ ಬೇರೆ ಪಾರ್ಕ್ ನೋಡಿ. ಏನಂದಳು ಅಂತ ನನಗೂ ಒಂದು ಸಾಲು ಬರೆಯಿರಿ.